ಗೇಟ್‌ವೇ ಬೆಳಗಿಗೆ ಮೋನೆ ಬಣ್ಣ: ಫೋಟೊವನ್ನು ಚಿತ್ರಕಾರರ ಶೈಲಿಗೆ ತರುವುದು ಹೇಗೆ?

ಮಳೆಗಾಲ ಮುಗಿಯುತ್ತಿದ್ದ ಹಾಗೇ ಒಂದು ಪ್ರಶ್ನೆ ನನಗೆ ಖಾಯಂ ಆಗಿ ಬರುತ್ತದೆ. "ಮಾಳ್ಶೇಜ್ ಘಾಟ್‌ನಲ್ಲಿ ಒಳ್ಳೇ ಫೋಟೊ ಸಿಕ್ಕಿದೆ. ವ್ಯಾನ್ ಗೋ ಬಿಡಿಸಿದ ಹಾಗೆ ಮಾಡೋದು ಹೇಗೆ?" ಮಾಟುಂಗಾದವರು ಕೇಳುತ್ತಾರೆ, ಡೊಂಬಿವಿಲಿಯವರು ಕೇಳುತ್ತಾರೆ, ಪುಣೆಯ ಕೋಥ್ರೂಡ್‌ನವರೂ ಕೇಳುತ್ತಾರೆ. ಹೆಚ್ಚಿನವರು ಆಗಲೇ ಯಾವುದೋ ಆ್ಯಪ್‌ನಲ್ಲಿ ಫಿಲ್ಟರ್ ಒತ್ತಿ ನೋಡಿರುತ್ತಾರೆ. ಬಂದದ್ದು ಚಿತ್ರದ ಹಾಗೆ ಕಾಣುವುದಿಲ್ಲ. ಒದ್ದೆ ಗಾಜಿನ ಹಿಂದೆ ಇಟ್ಟ ಫೋಟೊದ ಹಾಗೆ ಕಾಣುತ್ತದೆ.

ಕಾರಣ ಒಂದೇ. ಎಲ್ಲರೂ ಕುಂಚದ ಗೆರೆಯಿಂದ ಶುರು ಮಾಡುತ್ತಾರೆ. ಗೆರೆ ಬರಬೇಕಾದದ್ದು ಕೊನೆಗೆ. ಮೊದಲು ಬೆಳಕು, ಆಮೇಲೆ ಬೇಡದ್ದನ್ನು ತೆಗೆಯುವುದು, ಆಮೇಲೆ ಬಣ್ಣ, ಗೆರೆ ಅದರ ನಂತರ. ಕ್ಯಾಮೆರಾ ಕಂಡದ್ದನ್ನೆಲ್ಲ ಹಿಡಿಯುತ್ತದೆ. ಚಿತ್ರಕಾರ ಮುಕ್ಕಾಲು ಭಾಗ ಬಿಟ್ಟುಬಿಡುತ್ತಾನೆ. ಏನನ್ನು ಬಿಟ್ಟ ಅನ್ನುವುದರಲ್ಲೇ ಅವನ ಶೈಲಿ ಇದೆ. ಆ ಬಿಡುವ ಕೆಲಸವನ್ನು ಫಿಲ್ಟರ್ ಮಾಡುವುದಿಲ್ಲ, ನೀವೇ ಮಾಡಬೇಕು.

ಇಲ್ಲಿ ಫ್ರಾನ್ಸ್‌ನ ಚಿತ್ರಕಾರ ಮೋನೆಯನ್ನು ಹಿಡಿದುಕೊಂಡು ಪೂರ್ತಿ ಕ್ರಮ ಹೇಳುತ್ತೇನೆ. ಅದು ಕೈಗೆ ಬಂದರೆ ವ್ಯಾನ್ ಗೋಗೆ ಎಲ್ಲಿ ಬದಲಾಯಿಸಬೇಕು, ಜಪಾನಿನ ಹೊಕುಸಾಯ್‌ಗೆ ಯಾಕೆ ಬೇರೆ ದಾರಿ ಬೇಕು ಅನ್ನುವುದು ಸುಲಭವಾಗಿ ತಿಳಿಯುತ್ತದೆ.

ಏನು ಬೇಕು?

ಒಂದು ಕಂಪ್ಯೂಟರ್, ಅದರಲ್ಲಿ ಗಿಂಪ್. ಇದು ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್. 2.10 ಅಥವಾ ಅದಕ್ಕಿಂತ ಹೊಸದು ಹಾಕಿಕೊಳ್ಳಿ. ಫೋಟೊಶಾಪ್ ಇದ್ದರೆ ಅದರಲ್ಲೂ ಇದೇ ಕ್ರಮ ನಡೆಯುತ್ತದೆ, ಮೆನು ಹೆಸರು ಮಾತ್ರ ಬೇರೆ. ಫೋನ್ ಮಾತ್ರ ಇರುವವರು ಬೆಳಕಿನ ಕೆಲಸವನ್ನು ಸ್ನ್ಯಾಪ್‌ಸೀಡ್‌ನಲ್ಲಿ, ಗೆರೆಯ ಕೆಲಸವನ್ನು ಐಬಿಸ್ ಪೇಂಟ್‌ನಲ್ಲಿ ಮಾಡಬಹುದು. ಆದರೆ ಬೆರಳಿನಲ್ಲಿ ಗೆರೆ ಹಾಕುವುದು ಕಷ್ಟ. ಪರದೆ ಮೇಲೆ ಬರೆಯುವ ಒಂದು ಸಾದಾ ಸ್ಟೈಲಸ್ ಇರಲಿ.

ಎರಡು ಪದಗಳನ್ನು ಮೊದಲೇ ತಿಳಿದುಕೊಳ್ಳಿ. ಲೇಯರ್ ಅಂದರೆ ಫೋಟೊ ಮೇಲೆ ಇಡುವ ಪಾರದರ್ಶಕ ಹಾಳೆ. ಅದರ ಮೇಲೆ ಏನೇ ಬಳಿದರೂ ಕೆಳಗಿನದು ಹಾಳಾಗುವುದಿಲ್ಲ. ಮಾಸ್ಕ್ ಅಂದರೆ ಆ ಹಾಳೆಯ ಯಾವ ಭಾಗ ಕಾಣಬೇಕು, ಯಾವುದು ಕಾಣಬಾರದು ಎಂದು ಹೇಳುವ ಮುಚ್ಚಳ. ಮಾಸ್ಕ್‌ನಲ್ಲಿ ಬಿಳಿ ಬಳಿದ ಕಡೆ ಹಾಳೆ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ.

ಹಂತ 1: ಸರಿಯಾದ ಫೋಟೊ ಆರಿಸಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಯಾವ ಫೋಟೊಗೆ ಯಾವ ಚಿತ್ರಕಾರ ಎಂದು ಕೇಳಿಕೊಳ್ಳಿ. ಮೋನೆ 1872ರಲ್ಲಿ ಫ್ರಾನ್ಸ್‌ನ ಲೆ ಹಾವ್ರ್ ಬಂದರಿನ ಬೆಳಗನ್ನು ಬಿಡಿಸಿದ. ಮಬ್ಬು ಗಾಳಿ, ಒಂದೆರಡು ದೋಣಿ, ಹಿಂದೆ ಮಸುಕಾಗಿ ಹಡಗುಗಳು, ನಡುವೆ ಕಿತ್ತಳೆ ಬಣ್ಣದ ಸೂರ್ಯ. 'ಇಂಪ್ರೆಷನ್, ಸನ್‌ರೈಸ್' ಎಂಬ ಆ ಚಿತ್ರದಿಂದಲೇ ಇಂಪ್ರೆಷನಿಸಂ ಎಂಬ ಕಲಾಪಂಥದ ಹೆಸರು ಹುಟ್ಟಿತು. ಈಗ ನಮ್ಮ ಅಪೊಲೊ ಬಂದರ್ ನೆನಪು ಮಾಡಿಕೊಳ್ಳಿ. ಗೇಟ್‌ವೇ ಆಫ್ ಇಂಡಿಯಾದ ಮುಂದಿನ ಸಮುದ್ರ ಪೂರ್ವದ ಕಡೆ ಇದೆ. ಮುಂಬೈಯಲ್ಲಿ ಸೂರ್ಯ ಮುಳುಗುವ ಸಮುದ್ರ ಎಲ್ಲರಿಗೂ ಗೊತ್ತು. ಸೂರ್ಯ ನೀರಿನ ಕಡೆಯಿಂದ ಏಳುವುದನ್ನು ನೋಡಬೇಕಿದ್ದರೆ ಈ ಬದಿಗೆ ಬರಬೇಕು. ಜನವರಿಯಲ್ಲಿ ಸುಮಾರು 7.15ಕ್ಕೆ ಸೂರ್ಯ ಏಳುತ್ತಾನೆ. ಚಳಿಗಾಲದ ಮಬ್ಬು ಇರುತ್ತದೆ, ಲಂಗರು ಹಾಕಿದ ದೋಣಿಗಳಿರುತ್ತವೆ. ಮೋನೆಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ವ್ಯಾನ್ ಗೋಗೆ ಮಬ್ಬು ಬೇಡ. ಅವನಿಗೆ ಗಾಳಿ, ಹೊಲ, ಬಲವಾದ ಹಳದಿ ಮತ್ತು ನೀಲಿ ಬೇಕು. ಅಕ್ಟೋಬರ್‌ನಲ್ಲಿ ಕರ್ಜತ್ ಕಡೆ ಭತ್ತ ಹಣ್ಣಾಗಿ ನಿಂತಿರುವಾಗ ತೆಗೆದ ಫೋಟೊ ಚೆನ್ನಾಗಿ ಒಪ್ಪುತ್ತದೆ. ಹೊಕುಸಾಯ್‌ಗೆ ಸ್ಪಷ್ಟ ಆಕಾರ ಬೇಕು: ಮಳೆಗಾಲದ ಭರತದಲ್ಲಿ ಮರೀನ್ ಡ್ರೈವ್‌ಗೆ ಅಪ್ಪಳಿಸುವ ಅಲೆ, ಇಲ್ಲವೇ ಲೋಣಾವಳಾದಿಂದ ಕಾಣುವ ಒಂದರ ಹಿಂದೊಂದು ಬೆಟ್ಟದ ಸಾಲು.

ಎಚ್ಚರಿಕೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಬಳಸಬೇಡಿ. ಅದು ಕುಗ್ಗಿಸಿದ ಫೋಟೊ. ಆಕಾಶದಲ್ಲಿ ಸಣ್ಣ ಚೌಕಗಳು ಉಳಿದಿರುತ್ತವೆ. ಕಣ್ಣಿಗೆ ಕಾಣದಿದ್ದರೂ ಫಿಲ್ಟರ್ ಅವನ್ನು ಹುಡುಕಿ ಗೆರೆಯಾಗಿ ಎಬ್ಬಿಸುತ್ತದೆ. ತೆಗೆದವರಿಂದ ಮೂಲ ಫೈಲನ್ನೇ ತರಿಸಿಕೊಳ್ಳಿ.

ಹಂತ 2: ತಯಾರಿ

ಫೋಟೊ ತೆರೆಯಿರಿ. ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ ಅಗಲವನ್ನು 3000 ಪಿಕ್ಸೆಲ್‌ಗೆ ತನ್ನಿ. ದೊಡ್ಡದಾಗಿ ಮುದ್ರಿಸುವ ಯೋಚನೆ ಇದ್ದರೆ 4500 ಇರಲಿ. ಈ ಅಳತೆಯನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಗೆರೆಗಳ ಅಗಲ ಪಿಕ್ಸೆಲ್ ಲೆಕ್ಕದಲ್ಲಿ ಇರುವುದರಿಂದ, ಆಮೇಲೆ ಅಳತೆ ಬದಲಾಯಿಸಿದರೆ ಗೆರೆಗಳ ಅಂಚು ಮಂಕಾಗುತ್ತದೆ. ಲೇಯರ್ ಮೆನುವಿನಲ್ಲಿ ಡೂಪ್ಲಿಕೇಟ್ ಲೇಯರ್ ಒತ್ತಿ. ಮೂಲ ಹಾಳೆ ಕೆಳಗೆ ಸುಮ್ನೆ ಇರಲಿ, ಅದನ್ನು ಮುಟ್ಟಬೇಡಿ. ಫೈಲನ್ನು ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ. ಜೆಪೆಗ್ ಆಗಿ ಉಳಿಸಿದರೆ ಲೇಯರ್‌ಗಳೆಲ್ಲ ಹೋಗುತ್ತವೆ.

ಹಂತ 3: ಬಣ್ಣ ಮುಚ್ಚಿ ಬೆಳಕು ನೋಡಿ

ಇದು ಜನ ಹಾರಿಸುವ ಹಂತ. ದಯವಿಟ್ಟು ಹಾರಿಸಬೇಡಿ.

ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ ಹಾಕಿ, ಅದಕ್ಕೆ ಬೂದು ಬಣ್ಣ ತುಂಬಿ. ಲೇಯರ್ ಪಟ್ಟಿಯ ಮೋಡ್ ಅನ್ನು ಎಲ್‌ಸಿಎಚ್ ಕಲರ್‌ಗೆ ಬದಲಾಯಿಸಿ. ತಕ್ಷಣ ಇಡೀ ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ಆ ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಬಣ್ಣ ಮರಳಿ ಬರುತ್ತದೆ. ಇದನ್ನು ಪರೀಕ್ಷೆ ಲೇಯರ್ ಅನ್ನೋಣ. ಕೊನೆಯವರೆಗೂ ಇದು ಮೇಲೇ ಇರಲಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಮೋನೆಯ ಆ ಸೂರ್ಯನ ಗುಟ್ಟು ಇಲ್ಲೇ ಇದೆ. ಅವನ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಸೂರ್ಯ ಹೆಚ್ಚು ಕಡಿಮೆ ಮಾಯ! ಸುತ್ತಲಿನ ಆಕಾಶದಷ್ಟೇ ಬೆಳಕು ಸೂರ್ಯನಿಗೂ ಇದೆ. ಬೇರೆ ಇರುವುದು ಬಣ್ಣ ಮಾತ್ರ. ನಮ್ಮ ಕಣ್ಣು-ಮಿದುಳಿನ ವ್ಯವಸ್ಥೆಯಲ್ಲಿ ವಸ್ತು ಎಲ್ಲಿದೆ, ಅಲುಗಾಡುತ್ತಿದೆಯೇ ಅನ್ನುವುದನ್ನು ಹಿಡಿಯುವ ಭಾಗ ಹೆಚ್ಚಾಗಿ ಬೆಳಕಿನ ವ್ಯತ್ಯಾಸವನ್ನು ನಂಬಿದೆ. ಬಣ್ಣ ಗುರುತಿಸುವ ಭಾಗ ಬೇರೆ. ಬಣ್ಣದ ಭಾಗಕ್ಕೆ ಸೂರ್ಯ ಕಾಣುತ್ತಾನೆ, ಜಾಗ ಹಿಡಿಯುವ ಭಾಗಕ್ಕೆ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದಲೇ ಆ ಸೂರ್ಯ ಒಂದು ಕಡೆ ನಿಲ್ಲದೆ ಮಿಡಿಯುತ್ತಿರುವಂತೆ ಅನಿಸುತ್ತದೆ. ಯಾವ ಕುಂಚದ ಫಿಲ್ಟರ್‌ನಲ್ಲೂ ಇದು ಸಿಗುವುದಿಲ್ಲ.

ನಿಮ್ಮ ಗೇಟ್‌ವೇ ಫೋಟೊದಲ್ಲಿ ಸೂರ್ಯ ಬೆಳ್ಳಗೆ ಸುಟ್ಟುಹೋಗಿರುತ್ತಾನೆ. ದೋಣಿ ಪೂರ್ತಿ ಕಪ್ಪಗಿರುತ್ತದೆ. ಎರಡನ್ನೂ ಹತ್ತಿರ ತರಬೇಕು. ಲೇಯರ್ ಪಟ್ಟಿಯಲ್ಲಿ ಡೂಪ್ಲಿಕೇಟ್ ಲೇಯರನ್ನು ಆರಿಸಿ, ಕಲರ್ಸ್ ಮೆನುವಿನ ಕರ್ವ್ಸ್ ತೆರೆಯಿರಿ. ಗೆರೆಯ ಎಡತುದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಬಲತುದಿಯನ್ನು ಸ್ವಲ್ಪ ಕೆಳಗೆ ಇಳಿಸಿ. ಕಪ್ಪು ಗಾಢ ಬೂದಾಗುತ್ತದೆ, ಬಿಳುಪು ತಗ್ಗುತ್ತದೆ. ಫೋಟೊ ಈಗ ಸಪ್ಪೆಯಾಗಿ ಕಾಣುತ್ತದೆ. ಹೆದರಬೇಡಿ, ಸಪ್ಪೆಯಾಗಿಯೇ ಇರಬೇಕು.

ಹಂತ 4: ಬೇಡದ್ದನ್ನು ತೆಗೆಯಿರಿ

ಈಗ ವಿವರ ಕಡಿಮೆ ಮಾಡುವ ಕೆಲಸ. ಫಿಲ್ಟರ್ಸ್ ಮೆನುವಿನ ಬ್ಲರ್‌ನಲ್ಲಿ ಮೀಡಿಯನ್ ಬ್ಲರ್ ಇದೆ. ಮೀಡಿಯನ್ ಅಂದರೆ ಅಕ್ಕಪಕ್ಕದ ಚುಕ್ಕೆಗಳಲ್ಲಿ ನಡುವಿನ ಬೆಲೆಯನ್ನು ಆರಿಸುವುದು. ಮಾಮೂಲಿ ಗಾಸಿಯನ್ ಬ್ಲರ್ ಅಂಚುಗಳನ್ನೂ ಕರಗಿಸುತ್ತದೆ. ಮೀಡಿಯನ್ ಸಣ್ಣ ವಿವರ ಅಳಿಸಿ ದೊಡ್ಡ ಅಂಚನ್ನು ಉಳಿಸುತ್ತದೆ. 3000 ಪಿಕ್ಸೆಲ್ ಅಗಲದ ಫೋಟೊಗೆ ರೇಡಿಯಸ್ 8ರಿಂದ 12 ಕೊಟ್ಟು ನೋಡಿ.

ಆದರೆ ಎಲ್ಲ ಕಡೆ ಒಂದೇ ಅಳತೆ ಬೇಡ. ದೂರದ ಹಡಗುಗಳು ಪೂರ್ತಿ ಮಸುಕಾಗಲಿ. ಮುಂದಿನ ದೋಣಿಗೆ ಮಾಸ್ಕ್ ಹಾಕಿ, ಬೂದು ಬಳಿದು, ಅಲ್ಲಿ ಬ್ಲರ್ ಅರ್ಧ ಮಾತ್ರ ಕಾಣಲಿ. ದೋಣಿ ಮೇಲಿನ ನೋಂದಣಿ ಸಂಖ್ಯೆ, ನೀರಿನ ಮೇಲಿನ ಪ್ಲಾಸ್ಟಿಕ್, ಹಗ್ಗಗಳ ಗೋಜಲು, ಇದನ್ನೆಲ್ಲ ಕ್ಲೋನ್ ಟೂಲ್‌ನಿಂದ ಅಳಿಸಿ. ಮೋನೆ ತನ್ನ ಮುಂದಿನ ದೋಣಿಯನ್ನೂ ಅದರಲ್ಲಿದ್ದವರನ್ನೂ ಕೆಲವೇ ಗೆರೆಗಳಲ್ಲಿ ಮುಗಿಸಿದ್ದಾನೆ. ಮುಖವಿಲ್ಲ, ಬಟ್ಟೆಯ ಮಡಿಕೆಯಿಲ್ಲ. ನಿಮ್ಮ ದೋಣಿಯಲ್ಲೂ ಅಷ್ಟೇ ಸಾಕು.

ಹಂತ 5: ಬಣ್ಣ

ಮೊದಲು ಇಡೀ ಚಿತ್ರ ತಣ್ಣಗಾಗಲಿ. ಕಲರ್ಸ್ ಮೆನುವಿನ ಕಲರ್ ಬ್ಯಾಲೆನ್ಸ್‌ನಲ್ಲಿ ಮಿಡ್‌ಟೋನ್ಸ್ ಆರಿಸಿ ನೀಲಿ ಕಡೆ 15–20, ಸಯಾನ್ ಕಡೆ 10ರಷ್ಟು ಸರಿಸಿ. ದೋಣಿಯ ಕಪ್ಪಿಗೂ ಈಗ ನೀಲಿ ಛಾಯೆ ಬಂದಿರುತ್ತದೆ. ಇಂಪ್ರೆಷನಿಸ್ಟರ ನೆರಳು ಬರೀ ಕಪ್ಪಾಗಿರುವುದು ಅಪರೂಪ. ಅದರಲ್ಲಿ ನೀಲಿ, ನೇರಳೆ ಇರುತ್ತದೆ.

ಇನ್ನು ಸೂರ್ಯ. ಸುಟ್ಟುಹೋದ ಬಿಳಿಯಲ್ಲಿ ಬಣ್ಣದ ಮಾಹಿತಿಯೇ ಇರುವುದಿಲ್ಲ. ಅದನ್ನು ಎಳೆದು ತರಲು ಹೋಗಬೇಡಿ, ಹೊಸದಾಗಿ ಬಳಿಯಿರಿ. ಸೂರ್ಯನ ಸುತ್ತಲಿನ ಬಿಳಿ ಹೊಳಪನ್ನು ಮೊದಲು ಆಕಾಶದ ಬಣ್ಣದಿಂದಲೇ ಮುಚ್ಚಿ. ಆಮೇಲೆ ಕಲರ್ ಪಿಕರ್‌ನಿಂದ ಆ ಆಕಾಶದ ಬಣ್ಣ ಎತ್ತಿಕೊಳ್ಳಿ. ಬಣ್ಣ ಆರಿಸುವ ಕಿಟಕಿಯಲ್ಲಿ ಎಲ್‌ಸಿಎಚ್ ಎಂಬ ಆಯ್ಕೆ ಇದೆ. ಎಲ್ ಅಂದರೆ ಬೆಳಕು, ಸಿ ಅಂದರೆ ಬಣ್ಣದ ಗಾಢತೆ, ಎಚ್ ಅಂದರೆ ಯಾವ ಬಣ್ಣ ಅನ್ನುವುದು. ಎಲ್ ಅನ್ನು ಮುಟ್ಟಬೇಡಿ. ಎಚ್ ಅನ್ನು 50ರ ಹತ್ತಿರ ತನ್ನಿ, ಅದು ಕೆಂಪು ಬೆರೆತ ಕಿತ್ತಳೆ. ಸಿ ಅನ್ನು 70ರವರೆಗೆ ಏರಿಸಿ. ಹೊಸ ಲೇಯರ್‌ನಲ್ಲಿ ಸೂರ್ಯನಿದ್ದ ಜಾಗಕ್ಕೆ ಗುಂಡಗೆ ಬಳಿಯಿರಿ. ನೀರಿನಲ್ಲಿ ಅದೇ ಬಣ್ಣದ ಐದಾರು ಅಡ್ಡ ಗೆರೆ ಹಾಕಿ.

ಈಗ ಪರೀಕ್ಷೆ ಲೇಯರ್ ಆನ್ ಮಾಡಿ. ಸೂರ್ಯ ಮಾಯವಾದರೆ ನೀವು ಗೆದ್ದಿರಿ.

ಇಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಒಂದೇ ಕಡೆ. ಆಕಾಶ ತೀರಾ ಬೆಳ್ಳಗಿದ್ದರೆ, ಅಂದರೆ ಎಲ್ 75ಕ್ಕಿಂತ ಜಾಸ್ತಿ ಇದ್ದರೆ, ಕಿತ್ತಳೆ ಬಣ್ಣ ಪೇಲವವಾಗುತ್ತದೆ. ಪರದೆಗೆ ಅಷ್ಟು ಬೆಳಕಿನಲ್ಲಿ ಅಷ್ಟು ಗಾಢ ಕಿತ್ತಳೆ ತೋರಿಸಲು ಆಗುವುದಿಲ್ಲ. ಆಗ ಸೂರ್ಯನ ಬೆಳಕು ಏರಿಸಲು ಹೋಗಬೇಡಿ. ಕರ್ವ್ಸ್‌ಗೆ ಮರಳಿ ಆಕಾಶವನ್ನೇ 60–65ಕ್ಕೆ ಇಳಿಸಿ.

ಹಂತ 6: ಕುಂಚದ ಗೆರೆ

ಎರಡು ದಾರಿ ಇದೆ. ಸುಲಭದ್ದು: ಫಿಲ್ಟರ್ಸ್‌ನ ಆರ್ಟಿಸ್ಟಿಕ್ ಮೆನುವಿನಲ್ಲಿ ಆಯಿಲಿಫೈ ಅಥವಾ ಗಿಂಪ್ರೆಷನಿಸ್ಟ್. ಹಿಂದಿನ ಹಂತಗಳನ್ನು ಸರಿಯಾಗಿ ಮಾಡಿದ್ದರೆ ಇವೂ ಪರವಾಗಿಲ್ಲ. ಎರಡನೆಯದು ಕೈಯಿಂದ ಹಾಕುವುದು. ನನಗೆ ಕೇಳಿದರೆ ಇದೇ ಸರಿ. ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ, ಆದರೆ ಆ ಎರಡು ಗಂಟೆಯಲ್ಲಿ ನಿಮ್ಮ ಫೋಟೊವನ್ನು ನೀವು ಮೊದಲ ಸಲ ನಿಜವಾಗಿ ನೋಡುತ್ತೀರಿ.

ಹೊಸ ಖಾಲಿ ಲೇಯರ್ ಹಾಕಿ. ಪೇಂಟ್‌ಬ್ರಶ್ ಹಿಡಿದು, ಗಿಂಪ್ ಜೊತೆಗೇ ಬರುವ ಆ್ಯಕ್ರಿಲಿಕ್ ಅಥವಾ ಬ್ರಿಸಲ್ಸ್ ಕುಂಚ ಆರಿಸಿ. ಕಂಟ್ರೋಲ್ ಕೀ ಒತ್ತಿ ಹಿಡಿದು ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಆ ಜಾಗದ ಬಣ್ಣ ಕುಂಚಕ್ಕೆ ಬರುತ್ತದೆ. ಹೊಸ ಲೇಯರ್ ಖಾಲಿ ಇರುವುದರಿಂದ ಕಲರ್ ಪಿಕರ್‌ನಲ್ಲಿ ಸ್ಯಾಂಪಲ್ ಮರ್ಜ್ಡ್ ಆನ್ ಇರಬೇಕು, ಪರೀಕ್ಷೆ ಲೇಯರ್ ಆಫ್ ಇರಬೇಕು. ಇಲ್ಲದಿದ್ದರೆ ಬಣ್ಣ ಬರುವುದಿಲ್ಲ, ಇಲ್ಲವೇ ಬರೀ ಬೂದು ಬರುತ್ತದೆ. ಬಣ್ಣ ಎತ್ತಿ, ಒಂದು ಗೆರೆ ಹಾಕಿ. ಮತ್ತೆ ಎತ್ತಿ, ಮತ್ತೊಂದು ಗೆರೆ.

ಕುಂಚದ ಅಗಲ ಎಷ್ಟಿರಬೇಕು? ಚಿತ್ರದ ಅಗಲದ ನೂರನೇ ಒಂದು ಭಾಗ ಎಂಬ ಲೆಕ್ಕ ಇಟ್ಟುಕೊಳ್ಳಿ. 3000ಕ್ಕೆ 30 ಪಿಕ್ಸೆಲ್. ಆಕಾಶಕ್ಕೆ ಅದರ ಎರಡರಷ್ಟು, ದೋಣಿಗೆ ಅದರ ಅರ್ಧ. ನೀರಿಗೆ ಅಡ್ಡ ಗೆರೆ, ಹತ್ತಿರ ಬಂದಂತೆ ದಪ್ಪ, ದೂರ ಹೋದಂತೆ ತೆಳು. ಗೆರೆಗಳ ನಡುವೆ ಕೆಳಗಿನ ಬಣ್ಣ ಅಲ್ಲಲ್ಲಿ ಇಣುಕಲಿ. ಪೂರ್ತಿ ಮುಚ್ಚಬೇಡಿ.

ಹಂತ 7: ಬಣ್ಣದ ದಪ್ಪ

ಎಣ್ಣೆಬಣ್ಣಕ್ಕೆ ಮೈ ಇರುತ್ತದೆ, ಬೆಳಕು ಅದರ ಉಬ್ಬಿಗೆ ತಾಗುತ್ತದೆ. ಕಾಣುವುದೆಲ್ಲ ಸೇರಿದ ಒಂದು ಹೊಸ ಲೇಯರ್ ಮಾಡಿ (ಲೇಯರ್ ಮೆನುವಿನಲ್ಲಿ ನ್ಯೂ ಫ್ರಮ್ ವಿಸಿಬಲ್). ಅದರ ಮೇಲೆ ಫಿಲ್ಟರ್ಸ್‌ನ ಡಿಸ್ಟಾರ್ಟ್ಸ್‌ನಲ್ಲಿರುವ ಎಂಬಾಸ್ ಓಡಿಸಿ, ಬಣ್ಣ ತೆಗೆದು ಬೂದು ಮಾಡಿ, ಮೋಡ್ ಓವರ್‌ಲೇ, ಒಪ್ಯಾಸಿಟಿ 20. ಒಪ್ಯಾಸಿಟಿ ಅಂದರೆ ಆ ಹಾಳೆ ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನುವುದು. ಇಡೀ ಚಿತ್ರ ಬೆಳ್ಳಗಾದರೆ ಲೆವೆಲ್ಸ್‌ನಲ್ಲಿ ಆ ಲೇಯರನ್ನು ನಡುವಿನ ಬೂದಿಗೆ ಇಳಿಸಿ. ಮೋನೆಯ ಬೆಳಗಿಗೆ 20 ಸಾಕು. ಅದಕ್ಕಿಂತ ಏರಿದರೆ ಪ್ಲಾಸ್ಟಿಕ್ ಆಗುತ್ತದೆ.

ವ್ಯಾನ್ ಗೋ ಬೇಕಿದ್ದರೆ

ಹಂತ 3ರಲ್ಲಿ ಬೆಳಕು ತಗ್ಗಿಸಬೇಡಿ, ಅಂತರ ಇರಲಿ. ಹಂತ 5ರಲ್ಲಿ ಎದುರು ಬಣ್ಣಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ: ಭತ್ತದ ಹಳದಿಗೆ ಎದುರಾಗಿ ಆಕಾಶದ ನೀಲಿ. ಹ್ಯೂ-ಸ್ಯಾಚುರೇಶನ್‌ನಲ್ಲಿ ಹಳದಿ ಮತ್ತು ನೀಲಿ ಎರಡನ್ನು ಮಾತ್ರ ಏರಿಸಿ. ಎಲ್ಲ ಬಣ್ಣವನ್ನೂ ಏರಿಸಿದರೆ ಜಾತ್ರೆಯ ಪೋಸ್ಟರ್ ಆಗುತ್ತದೆ.

ನಿಜವಾದ ಕೆಲಸ ಹಂತ 6ರಲ್ಲಿ. ವ್ಯಾನ್ ಗೋನ ಗೆರೆಗೆ ದಿಕ್ಕು ಇದೆ. 1889ರ ಜೂನ್‌ನಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಬಿಡಿಸಿದ 'ಸ್ಟಾರಿ ನೈಟ್' ನೋಡಿ. ಆಕಾಶದ ಗೆರೆ ಸುತ್ತುತ್ತದೆ, ಸೈಪ್ರಸ್ ಮರದ ಗೆರೆ ಬೆಂಕಿಯ ಹಾಗೆ ಮೇಲಕ್ಕೆ ಏಳುತ್ತದೆ, ಬೆಟ್ಟದ ಗೆರೆ ಬೆಟ್ಟದ ಮೈ ಹಿಡಿದು ಹರಿಯುತ್ತದೆ. ಪ್ರತಿ ವಸ್ತು ಹೇಗೆ ಬೆಳೆಯುತ್ತದೋ, ಹೇಗೆ ಚಲಿಸುತ್ತದೋ, ಆ ದಿಕ್ಕಿಗೆ ಗೆರೆ. ಆ್ಯಪ್‌ಗಳು ಸೋಲುವುದು ಇಲ್ಲೇ. ಅವು ಮನೆ ಗೋಡೆಯಲ್ಲೂ ಸುಳಿ ಹಾಕುತ್ತವೆ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಒಂದು ಖಾಲಿ ಲೇಯರ್‌ನಲ್ಲಿ ಕೆಂಪು ಬಾಣಗಳನ್ನು ಹಾಕಿಕೊಳ್ಳಿ. ಭತ್ತ ಗಾಳಿಗೆ ಬಾಗಿದ ಕಡೆ, ಬದು ತಿರುಗಿದ ಕಡೆ, ತಾಳೆ ಮರ ನೆಟ್ಟಗೆ, ಮೋಡ ಉರುಳುವ ಕಡೆ. ಆಮೇಲೆ ಆಕಾಶಕ್ಕೊಂದು, ಹೊಲಕ್ಕೊಂದು, ಮರಕ್ಕೊಂದು ಲೇಯರ್ ಮಾಡಿ ಬಾಣ ನೋಡಿಕೊಂಡು ಗೆರೆ ಹಾಕಿ. ಮುಗಿದ ಮೇಲೆ ಬಾಣದ ಲೇಯರ್ ಅಳಿಸಿ. ಹಂತ 7ರ ಒಪ್ಯಾಸಿಟಿ 40ರವರೆಗೆ ಏರಿಸಬಹುದು, ಅವನ ಬಣ್ಣ ದಪ್ಪ. ಕರ್ಜತ್ ಹೊಲಕ್ಕೆ ಸೈಪ್ರಸ್ ಮರ ತಂದು ಅಂಟಿಸಬೇಡಿ. ಅಲ್ಲಿರುವ ಮರವೇ ಇರಲಿ.

ಹೊಕುಸಾಯ್‌ಗೆ ಬೇರೆ ದಾರಿ

ಇದು ಕುಂಚದ ಚಿತ್ರವಲ್ಲ, ಮರದ ಅಚ್ಚು. ಸುಮಾರು 1831ರಲ್ಲಿ ಬಂದ ಅವನ ದೊಡ್ಡ ಅಲೆಯ ಚಿತ್ರದಲ್ಲಿ ಬಣ್ಣಗಳು ಕೆಲವೇ, ಅವೂ ಸಮತಟ್ಟು. ಬೀಳುವ ನೆರಳಿಲ್ಲ. ಹಂತ 6, 7 ಇಲ್ಲಿ ಬೇಡವೇ ಬೇಡ.

ಹಂತ 4 ಆದ ಮೇಲೆ ಇಮೇಜ್ ಮೆನುವಿನ ಮೋಡ್‌ನಲ್ಲಿ ಇಂಡೆಕ್ಸ್ಡ್ ಆರಿಸಿ, ಬಣ್ಣದ ಸಂಖ್ಯೆ 8 ಕೊಡಿ. ಡಿದರಿಂಗ್ ಎಂಬಲ್ಲಿ ನನ್ (None, ಅಂದರೆ ಬೇಡ) ಇರಲೇಬೇಕು. ಡಿದರಿಂಗ್ ಅಂದರೆ ಚುಕ್ಕೆ ಬೆರೆಸಿ ನಡುವಿನ ಬಣ್ಣದ ಭ್ರಮೆ ಹುಟ್ಟಿಸುವುದು. ಅದು ಅಚ್ಚಿನ ನೋಟವನ್ನೇ ಕೆಡಿಸುತ್ತದೆ. ಪೋಸ್ಟರೈಸ್ ಬಳಸಿ ಎಂದು ಹಲವರು ಹೇಳುತ್ತಾರೆ. ಅದು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಕತ್ತರಿಸುವುದರಿಂದ ಎಣಿಸಲಾರದಷ್ಟು ಬಣ್ಣ ಉಳಿದುಬಿಡುತ್ತದೆ. ಮತ್ತೆ ಆರ್‌ಜಿಬಿ ಮೋಡ್‌ಗೆ ಬಂದು, ಗಾಢ ಭಾಗಕ್ಕೆ ಪ್ರಶ್ಯನ್ ನೀಲಿ ತುಂಬಿ. ಇದು ಬರ್ಲಿನ್‌ನಲ್ಲಿ ಮೊದಲು ತಯಾರಾದ ಬಣ್ಣ, ಹೊರಗಿನಿಂದ ಜಪಾನಿಗೆ ಬಂದದ್ದು. ಬಣ್ಣ ಆರಿಸುವ ಕಿಟಕಿಯಲ್ಲಿ ಅದರ ಕೋಡ್ 003153. ಬಿಳಿಗೆ ಅಚ್ಚ ಬಿಳಿ ಬೇಡ, ಕಾಗದದ ಕೆನೆಬಣ್ಣ ಇರಲಿ. ಅಂಚಿನ ಗೆರೆಯನ್ನು ಪಾತ್ಸ್ ಟೂಲ್‌ನಿಂದ ನೀವೇ ಎಳೆಯಿರಿ, ಅದೂ ನೀಲಿಯಲ್ಲೇ. ಮರೀನ್ ಡ್ರೈವ್ ಅಲೆಯ ನೊರೆ ಫೋಟೊದಲ್ಲಿ ಬರೀ ಬಿಳಿ ಮೋಡ. ಅದಕ್ಕೆ ಹೊಕುಸಾಯ್ ಕೊಟ್ಟ ಉಗುರಿನಂಥ ತುದಿಗಳನ್ನು ಕೈಯಿಂದಲೇ ಬಿಡಿಸಬೇಕು.

ಹೆಬ್ಬಾರರ ಶೈಲಿ ಕೇಳುವವರಿಗೆ

ಈ ಪ್ರಶ್ನೆ ಬಂದಾಗ ನನಗೆ ತುಂಬ ಸಂತೋಷವಾಗುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಇದೇ ಊರಿನಲ್ಲಿ ಬಾಳಿದವರು. ಲಯ ತಿಳಿಯಲು ಕಥಕ್ ಕಲಿತವರು. ಅವರ ರೇಖಾಚಿತ್ರದಲ್ಲಿ ಕೆಲವೇ ಗೆರೆಗಳಲ್ಲಿ ಇಡೀ ಮೈಯ ಚಲನೆ ಇರುತ್ತದೆ. ಇದಕ್ಕೆ ಯಾವ ಫಿಲ್ಟರೂ ಇಲ್ಲ. ಫೋಟೊದ ಒಪ್ಯಾಸಿಟಿ 30ಕ್ಕೆ ಇಳಿಸಿ, ಮೇಲೆ ಖಾಲಿ ಲೇಯರ್ ಹಾಕಿ, ಹತ್ತು ಗೆರೆಗಳಲ್ಲಿ ಆ ನೋಟ ಮುಗಿಸಲು ಪ್ರಯತ್ನಿಸಿ. ಆಮೇಲೆ ಫೋಟೊ ಮರೆಮಾಡಿ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ಭಾರತದಲ್ಲಿ ಚಿತ್ರದ ಕೃತಿಸ್ವಾಮ್ಯ ಕಲಾವಿದರ ಜೀವಿತಕಾಲ ಮತ್ತು ನಂತರದ 60 ವರ್ಷ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಮೋನೆ 1926, ವ್ಯಾನ್ ಗೋ 1890, ಹೊಕುಸಾಯ್ 1849. ಅಂದರೆ ಹೆಬ್ಬಾರರ ಚಿತ್ರಗಳಿಗೆ ಇನ್ನೂ ಕೃತಿಸ್ವಾಮ್ಯ ಇದೆ, ಉಳಿದ ಮೂವರದ್ದು ಮುಗಿದಿದೆ. ಶೈಲಿಯನ್ನು ಅನುಸರಿಸುವುದು ಬೇರೆ, ಅವರ ಚಿತ್ರವನ್ನೇ ನಕಲು ಮಾಡಿ ಮಾರುವುದು ಬೇರೆ. ಯಾರ ಶೈಲಿಯಾದರೂ ಸರಿ, ಕೆಳಗೆ ಅವರ ಸಹಿ ಹಾಕಬೇಡಿ.

ಆ್ಯಪ್ ಬೇಡವೇ ಬೇಡವಾ?

ಬೇಡ ಅನ್ನುವುದಿಲ್ಲ. 2015ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಸಂಶೋಧಕರು ಒಂದು ವಿಧಾನ ತೋರಿಸಿದರು. ಫೋಟೊದ ವಸ್ತುವನ್ನೂ ಚಿತ್ರದ ಶೈಲಿಯನ್ನೂ ಬೇರ್ಪಡಿಸಿ ಕಂಪ್ಯೂಟರ್ ಮತ್ತೆ ಜೋಡಿಸುತ್ತದೆ. ಮರುವರ್ಷ ಪ್ರಿಸ್ಮಾ ಇಂಥದ್ದನ್ನೇ ಫೋನಿಗೆ ತಂದಿತು. ಹಂತ 5 ಮುಗಿಸಿದ ಫೋಟೊವನ್ನು ಅದಕ್ಕೆ ಕೊಡಿ. ಬಂದದ್ದನ್ನು ಒಂದು ಲೇಯರ್ ಆಗಿ ಇಟ್ಟು, 40 ಒಪ್ಯಾಸಿಟಿಯಲ್ಲಿ, ಬೇಕಾದ ಕಡೆ ಮಾತ್ರ ಮಾಸ್ಕ್ ಮೂಲಕ ತೋರಿಸಿ. ಆಕಾಶಕ್ಕೆ ಚೆನ್ನಾಗಿ ಕೂರುತ್ತದೆ. ಮನೆ, ದೋಣಿ, ಜನ ಇರುವ ಕಡೆ ಬೇಡ.

ಒಂದು ಭಾನುವಾರ ಬಿಡುವಿದ್ದರೆ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ. ಟಿಕೆಟ್ ಇಲ್ಲ. ಯಾವ ಪ್ರದರ್ಶನ ಇದ್ದರೂ ಒಂದು ಕ್ಯಾನ್ವಾಸ್‌ನ ಮುಂದೆ ಒಂದು ಅಡಿ ದೂರದಲ್ಲಿ ನಿಂತು, ಬದಿಯಿಂದ ಓರೆಯಾಗಿ ನೋಡಿ. ಬಣ್ಣ ಎಲ್ಲಿ ಉಬ್ಬಿದೆ, ಎಲ್ಲಿ ಬಟ್ಟೆಯ ನೇಯ್ಗೆ ಕಾಣುತ್ತದೆ ಎಂದು ಗಮನಿಸಿ. ಹಂತ 7ರಲ್ಲಿ ಎಷ್ಟು ಏರಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮುದ್ರಣ

ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3000 ಪಿಕ್ಸೆಲ್ ಅಂದರೆ 10 ಇಂಚು ಅಗಲ. ಗ್ಲಾಸಿ ಹಾಳೆ ಬೇಡ. ಅದರ ಹೊಳಪು ನೀವು ಹಾಕಿದ ಗೆರೆಯನ್ನು ನುಂಗುತ್ತದೆ. ಮ್ಯಾಟ್ ಕೇಳಿ. ಮೊದಲು ಅಂಗೈ ಅಗಲದ ಒಂದು ತುಂಡು ಮಾತ್ರ ಮುದ್ರಿಸಿ ಹಗಲು ಬೆಳಕಲ್ಲಿ ನೋಡಿ. ಪರದೆಗಿಂತ ಕಾಗದ ಯಾವಾಗಲೂ ಸ್ವಲ್ಪ ಕಪ್ಪಗೆ ಬರುತ್ತದೆ, ಅಷ್ಟು ಕರ್ವ್ಸ್‌ನಲ್ಲಿ ಎತ್ತಿ. ಹೊಕುಸಾಯ್‌ನ ಅಲೆಯ ಅಚ್ಚು ಸುಮಾರು 26 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ ಇದೆ. 4500 ಪಿಕ್ಸೆಲ್ ಇಟ್ಟುಕೊಂಡಿದ್ದರೆ ನಿಮ್ಮ ಮರೀನ್ ಡ್ರೈವ್ ಅಲೆಯನ್ನೂ ಅದೇ ಅಳತೆಯಲ್ಲಿ, ಒಂದು ಎ3 ಹಾಳೆಯ ಮೇಲೆ ಸುತ್ತ ಅಂಚು ಬಿಟ್ಟು ಮುದ್ರಿಸಬಹುದು.